ಡ್ರಿಯು

ಅಬೆರಿಸ್ಟ್ವಿತ್ ಗುಡ್ಡದ ಮೇಲೆ, ನಿಘಂಟಿನ ಕೋಣೆಯಲ್ಲಿ
ಒಂದು ಭಾಷೆ ಚೀಟಿಚೀಟಿಯಾಗಿ
ಬಿಸ್ಕತ್ತಿನ ಡಬ್ಬಗಳೊಳಗೆ ನಿಂತಿದೆ.
ಎಲಿನೆಡ್‌ಳ ಪಾಲಿಗೆ ಈ ತಿಂಗಳು ‘ಡ’.
ಕಿಟಕಿಯಾಚೆ ಬೂದಿ ಬಣ್ಣದ ಕಡಲು,
ಒಳಗೆ ಕೆಮ್ಮುವ ಸೀಮೆಎಣ್ಣೆ ಒಲೆ,
ಕೈಗೆ ಬೆರಳು ಕತ್ತರಿಸಿದ ಉಣ್ಣೆಯ ಗವುಸು.

ದೆರ್ವಿದ್ ಮುಗಿಯಿತು ನಿನ್ನೆ.
ಮುಗಿಯಿತು ಅಂದರೆ, ಜಗಳ ನಿಂತಿತು.
‘ದೆರ್ವ್’ ಅಂದರೆ ಓಕ್ ಮರ, ಬಾಲದಲ್ಲಿ ಅರಿವು;
ಮರ ಬಲ್ಲವನು, ಅಂದಳು ಇವಳು.
ಮರವೂ ಇಲ್ಲ ಗಿಡವೂ ಇಲ್ಲ, ಅಂದ ಸಂಪಾದಕ ಟೆಗಿಡ್
ಆರಿದ ಪೈಪು ಕಚ್ಚಿಕೊಂಡು,
ಅಲ್ಲಿ ಮರ ಬರೀ ಗಟ್ಟಿತನಕ್ಕೆ. ಗಟ್ಟಿಯಾಗಿ ಬಲ್ಲವನು. ಅಷ್ಟೇ.
ಎರಡನ್ನೂ ಬರೆದು
ನಡುವೆ ಒಂದು ಪ್ರಶ್ನೆಚಿಹ್ನೆ ನೆಟ್ಟಳು.
ಬೇರು ಬಿಟ್ಟರೆ ಬಿಡಲಿ.

ಇವತ್ತು ಡ್ರಿಯು.

ಒಂದು: ಕಣಿ ನುಡಿಯುವವನು, ದೆರ್ವಿದ್‌ನ ದಾಯಾದಿ.
ಹಳೆಯ ಪದ್ಯಗಳಲ್ಲಿ ಸಿಕ್ಕುತ್ತಾನೆ, ಗದ್ಯದಲ್ಲಿ ಅಪರೂಪ.
ಸಿಕ್ಕಾಗಲೆಲ್ಲ ಬಾಯಲ್ಲಿ
ಬರಲಿರುವ ದಂಡು, ಸುಡಲಿರುವ ಊರು.
ಪ್ರಾಸಕ್ಕೆ ಬೇಕೆನಿಸಿದಾಗ ಕವಿ ಅವನನ್ನು ಎಬ್ಬಿಸುತ್ತಾನೆ,
ಸಾಲು ಮುಗಿದೊಡನೆ ಹೊದಿಸಿ ಮಲಗಿಸುತ್ತಾನೆ.

ಎರಡು: ಹಕ್ಕಿ.
ಗುಬ್ಬಿಯ ಅರ್ಧ, ಕಂದು, ಬಾಲ ನೆಟ್ಟಗೆ,
ಮೈಗೆ ಮೀರಿದ ಗಂಟಲು.

ಇವರಿಬ್ಬರಿಗೆ ಏನು ನೆಂಟಸ್ತನ?
ಚೀಟಿಗಳು ಬಾಯಿ ಬಿಡುವುದಿಲ್ಲ.
ಆ ಜನವೂ ಬಾಯಿಯ ಜನವೇ ಆಗಿತ್ತು ಅನ್ನುತ್ತಾರೆ:
ಇಪ್ಪತ್ತು ವರ್ಷ ಕಲಿತದ್ದನ್ನು ಒಂದು ಎಲೆಗೂ ಬರೆಯದೆ
ನಾಲಗೆಯಲ್ಲೇ ಕಾಪಿಟ್ಟವರು.
ಅವರ ಬಗ್ಗೆ ನಮಗೆ ಸಿಕ್ಕಿರುವ ಬರಹವೆಲ್ಲ
ಸುಡಲು ಬಂದವರ ಕಡೆಯದು.
ಮೋನ್ ದ್ವೀಪದ ದಡದಲ್ಲಿ ಮರವನ್ನರಿತವರು,
ಎದುರು ದಡದಲ್ಲಿ ಮರವನ್ನರಿದವರು,
ನಡುವಿನ ನೀರು
ಒಂದು ತಕಾರ ದಕಾರವಾಗುವಷ್ಟೇ ಅಗಲ.

ಟಪಾಲಿನಲ್ಲಿ ಒಂದು ಕಾಗದ ಬಂದಿದೆ, ಸೋಲ್ವಾ ಊರಿಂದ.
ಇಥೆಲ್ ಪಾರಿ, ಎಂಬತ್ತೊಂದು, ಮೊದಲು ಸುಣ್ಣದ ಗೂಡಿನ ಕೆಲಸ.
ಊರ ಪದಗಳನ್ನು ಕಳಿಸಿ ಎಂದು ಕೇಳಿದ್ದಕ್ಕೆ ಉತ್ತರ:

‘ತಾಯೀ, ನಮ್ಮ ಕಡೆ ಡ್ರಿಯು ಅಂದರೆ ಹಕ್ಕಿ ಮಾತ್ರ.
ಕಣಿಗಿಣಿ ನಮಗೆ ತಿಳಿಯದು.
ಜನವರಿ ಆರರ ಸಂಜೆ ಹುಡುಗರೆಲ್ಲ ಬೇಲಿ ಬಡಿಯುತ್ತಿದ್ದೆವು.
ಸಿಕ್ಕಿದ್ದನ್ನು ರಿಬ್ಬನ್ನು ಕಟ್ಟಿದ ಪುಟ್ಟ ಮರದ ಮನೆಯೊಳಗಿಟ್ಟು
ನಾಲ್ಕು ಹೆಗಲ ಮೇಲೆ ಹೊತ್ತು
ರಾಜ ಬಂದ ರಾಜ ಬಂದ ಎಂದು
ಹೊಸ ಮದುಮಕ್ಕಳ ಬಾಗಿಲಿಗೆ.
ಬಿಯರು ಕೊಡುತ್ತಿದ್ದರು. ಕಾಸೂ.
ಒಂದು ಗುಂಡಿಯಷ್ಟೂ ತೂಗದ್ದಕ್ಕೆ
ನಾಲ್ವರೂ ಏದುಸಿರು ಬಿಟ್ಟು ನಟಿಸಬೇಕು, ಅದೇ ಆಟ.
ರಾಜನಾದರೆ ಕೊಂದದ್ದೇಕೆ, ಯಾರೂ ಕೇಳಲಿಲ್ಲ.
ನಾನು ಕೊಂದಿಲ್ಲ.
ಲಾಟೀನು ಹಿಡಿದಿದ್ದೆ.’

ಆ ಕೊನೆಯ ಸಾಲನ್ನು ಒಮ್ಮೆ ಹೊಡೆದುಹಾಕಿ
ಕೆಳಗೆ ಮತ್ತೆ ಅದನ್ನೇ ಬರೆದಿದ್ದಾನೆ, ದಪ್ಪಗೆ.

ಎಲಿನೆಡ್ ಪೆನ್ನಿನ ಮೂತಿಯನ್ನು ಒಲೆಗೆ ಹಿಡಿದು ಕಾಯಿಸಿದಳು.
ಅರ್ಥ ಒಂದು. ಅರ್ಥ ಎರಡು.
‘ಸಂಬಂಧ ಸಾಬೀತಾಗಿಲ್ಲ’ ಎಂದು ಬರೆದಳು,
ನಿಘಂಟಿನ ಕೈಬರಹದಲ್ಲಿ, ಓರೆಯಾಗದಂತೆ.
ಆಮೇಲೆ ಬೇರೊಂದು ಚೀಟಿ ತೆಗೆದು
ಪ್ರಯೋಗ ಎಂದಿದ್ದ ಕಡೆ:
ಲಾಟೀನು ಹಿಡಿದಿದ್ದೆ. ಇಥೆಲ್ ಪಾರಿ, ಸೋಲ್ವಾ.
ಅರ್ಥದ ಸಂಖ್ಯೆಗೆಂದು ಬಿಟ್ಟ ಚೌಕ
ಖಾಲಿ ಉಳಿಯಿತು.

ಸಂಜೆ ಟೆಗಿಡ್ ಚೀಟಿಗಳನ್ನು ಇಸ್ಪೀಟಿನಂತೆ ತಿರುವುತ್ತ
ಅದರ ಬಳಿ ನಿಂತ.
ಇದರಲ್ಲಿ ಆ ಪದವೇ ಇಲ್ಲವಲ್ಲ, ಅಂದ.

ಇಲ್ಲ, ಅಂದಳು.

ಅವನು ಕನ್ನಡಕ ಒರೆಸಿಕೊಂಡ. ಇನ್ನೊಮ್ಮೆ ಓದಿದ.
ಹರಿಯಲೂ ಇಲ್ಲ, ಡಬ್ಬಕ್ಕೆ ಹಾಕಲೂ ಇಲ್ಲ,
ಮೇಜಿನ ಮೇಲೆ ಬೆಳಕು ಬೀಳುವಲ್ಲಿ ಇಟ್ಟು
ಕೋಟು ಹುಡುಕತೊಡಗಿದ.